‘ಕುಗ್ಗು’ ಎಂಬ ಪದದ ಸುತ್ತ

ಈ ಹೊತ್ತು ನಿಮ್ಮೊಂದಿಗೆ ನಾನು ಮಾತನಾಡಬೇಕೆಂದಿರುವುದು ಕನ್ನಡದ ಒಂದು ಪುಟ್ಟ ಕ್ರಿಯಾಪದದ ಬಗ್ಗೆ. ಆ ಪದ ‘ಕುಗ್ಗು’. ಇದೇನೂ ನಿಘಂಟು ತೆಗೆದು ಹುಡುಕಬೇಕಾದ ಕಠಿಣ ಪದವಲ್ಲ. ಅಂಗಡಿಯಲ್ಲಿ ಹತ್ತಿಯ ಬಟ್ಟೆ ಕೊಳ್ಳುವಾಗ ‘ಒಗೆದ ಮೇಲೆ ಕುಗ್ಗುತ್ತದೆಯೇ?’ ಎಂದು ಕೇಳುತ್ತೇವೆ. ವಿಜ್ಞಾನದ ತರಗತಿಯಲ್ಲಿ ‘ಕಾಯಿಸಿದಾಗ ವಸ್ತುಗಳು ಹಿಗ್ಗುತ್ತವೆ, ತಣಿದಾಗ ಕುಗ್ಗುತ್ತವೆ’ ಎಂದು ಓದುತ್ತೇವೆ. ಪತ್ರಿಕೆಯ ವಾಣಿಜ್ಯ ಪುಟದಲ್ಲಿ ‘ಬೇಡಿಕೆ ಕುಗ್ಗಿದೆ’ ಎಂಬ ಸಾಲು ಕಾಣುತ್ತದೆ. ಮನೆಯಲ್ಲಿ ಹಿರಿಯರು ಯಾರದೋ ವಿಷಯವಾಗಿ ‘ಪಾಪ, ಬಹಳ ಕುಗ್ಗಿಹೋಗಿದ್ದಾನೆ’ ಎಂದು ಮರುಗುತ್ತಾರೆ. ಬಟ್ಟೆ, ಕಬ್ಬಿಣ, ಮಾರುಕಟ್ಟೆ, ಮನಸ್ಸು ಈ ನಾಲ್ಕಕ್ಕೂ ಒಂದೇ ಪದ ಸಾಕಾಗಿದೆ. ಒಂದು ಪದ ಇಷ್ಟು ದೂರ ದೂರದ ಸಂಗತಿಗಳನ್ನು ಹೇಗೆ ಹಿಡಿದುಕೊಂಡಿದೆ, ಅದರಿಂದ ನಮಗೆ ತಿಳಿಯುವುದೇನು ಎಂಬುದೇ ಇಂದಿನ ವಿಷಯ.

ನಿಘಂಟಿನಲ್ಲಿ ನೋಡಿದರೆ ‘ಕುಗ್ಗು’ ಪದದ ಮುಂದೆ ಕಡಿಮೆಯಾಗು, ತಗ್ಗು, ಕುಂದು, ಧೈರ್ಯಗೆಡು ಇಂಥ ಅರ್ಥಗಳು ಸಿಗುತ್ತವೆ. ಪರೀಕ್ಷೆಗಾಗಿ ಇವನ್ನೆಲ್ಲ ಸಮಾನಾರ್ಥಕ ಪದಗಳೆಂದು ನಾವು ಕಂಠಪಾಠ ಮಾಡುತ್ತೇವೆ. ಆದರೆ ಭಾಷೆಯಲ್ಲಿ ಪೂರ್ತಿ ಸಮಾನವಾದ ಎರಡು ಪದಗಳು ಸಿಗುವುದು ಅಪರೂಪ. ಒಂದು ಪದ ಮಾಡುವ ಕೆಲಸವನ್ನೇ ಇನ್ನೊಂದು ಮಾಡುವುದಾದರೆ, ಎರಡರಲ್ಲಿ ಒಂದು ಕ್ರಮೇಣ ಬಳಕೆಯಿಂದ ಜಾರುತ್ತದೆ. ಇಲ್ಲವೇ ಎರಡೂ ಕೆಲಸವನ್ನು ಹಂಚಿಕೊಳ್ಳುತ್ತವೆ. ‘ಕಡಿಮೆಯಾಗು’ ಎಂಬ ಅರ್ಥದ ಕನ್ನಡ ಪದಗಳು ಹೀಗೆ ಕೆಲಸ ಹಂಚಿಕೊಂಡಿರುವ ಬಗೆಯನ್ನು ಮೊದಲು ಸ್ವಲ್ಪ ನೋಡೋಣ. ನೆರೆಹೊರೆಯವರ ಪರಿಚಯವಾದರೆ ‘ಕುಗ್ಗು’ವಿನ ಸ್ವಭಾವ ಸುಲಭವಾಗಿ ತಿಳಿಯುತ್ತದೆ.

‘ಇಳಿ’ ಎಂಬ ಪದವನ್ನು ತೆಗೆದುಕೊಳ್ಳಿ. ಇದರಲ್ಲಿ ಮೆಟ್ಟಿಲಿನ ಭಾವನೆ ಇದೆ. ಮೇಲಿನ ಹಂತದಿಂದ ಕೆಳಗಿನ ಹಂತಕ್ಕೆ ಬರುವುದೇ ಇಳಿಯುವುದು. ಬೆಟ್ಟ ಇಳಿಯುತ್ತೇವೆ, ಬಸ್ಸಿನಿಂದ ಇಳಿಯುತ್ತೇವೆ. ಜ್ವರ ಇಳಿಯುತ್ತದೆ, ಬೆಲೆ ಇಳಿಯುತ್ತದೆ, ಪ್ರವಾಹ ಇಳಿಯುತ್ತದೆ. ಅಳೆಯುವ ಒಂದು ಕೋಲು ಅಥವಾ ಅಂಕಿ ಇರುವ ಕಡೆಯಲ್ಲೆಲ್ಲ ‘ಇಳಿ’ ಹೊಂದುತ್ತದೆ. ‘ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ’ ಎಂಬ ಗಾದೆಯಲ್ಲಿ ಈ ಅಂಕಿಯ ಸಂಬಂಧ ಸ್ಪಷ್ಟವಾಗಿಯೇ ಇದೆ.

‘ತಗ್ಗು’ ಎಂಬುದು ನೆಲಕ್ಕೆ ಹತ್ತಿರವಾದ ಪದ. ಇದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಧಾರವಾಡದ ಕಡೆ ‘ರಸ್ತೆಯಲ್ಲಿ ತಗ್ಗು ಬಿದ್ದಿದೆ’ ಎಂದರೆ ಗುಂಡಿ ಬಿದ್ದಿದೆ ಎಂದರ್ಥ. ಮಳೆಗಾಲದಲ್ಲಿ ‘ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತು’ ಎಂಬ ಸುದ್ದಿಯನ್ನು ನೀವು ಕೇಳಿಯೇ ಇರುತ್ತೀರಿ. ಎತ್ತರ ಕಡಿಮೆಯಾಗುವುದು ‘ತಗ್ಗು’ವಿನ ಮೂಲ ಭಾವನೆ.

‘ಕುಂದು’ ಎಂಬ ಪದ ತುಂಬಿದ್ದು ತುಂಬದೆ ಹೋಗುವುದನ್ನು, ಬೆಳಗುತ್ತಿದ್ದುದು ಮಂಕಾಗುವುದನ್ನು ಹೇಳುತ್ತದೆ. ಕಾಂತಿ ಕುಂದುತ್ತದೆ, ಕೀರ್ತಿ ಕುಂದುತ್ತದೆ, ಉತ್ಸಾಹ ಕುಂದುತ್ತದೆ. ನಾಮಪದವಾದಾಗ ‘ಕುಂದು’ ಎಂದರೆ ಊನ, ಕೊರತೆ. ಸರ್ಕಾರಿ ಕಚೇರಿಗಳಲ್ಲಿ ನಡೆಯುವ ‘ಕುಂದುಕೊರತೆ ಸಭೆ’ಯ ಹೆಸರಿನಲ್ಲಿರುವುದು ಇದೇ ಪದ. ವ್ಯಾಕರಣ ಓದುವವರಿಗೆ ಇನ್ನೊಂದು ಮಾತು. ‘ಎದೆ’ ಮತ್ತು ‘ಕುಂದು’ ಸೇರಿ ‘ಎದೆಗುಂದು’ ಆಗುತ್ತದೆ. ‘ಕಳೆ’ ಮತ್ತು ‘ಕುಂದು’ ಸೇರಿ ‘ಕಳೆಗುಂದು’ ಆಗುತ್ತದೆ. ಉತ್ತರಪದದ ಮೊದಲ ಕಕಾರಕ್ಕೆ ಗಕಾರ ಬಂದಿದೆ. ಇದು ಆದೇಶಸಂಧಿ.

ಇನ್ನು ‘ಸವೆ’. ಉಜ್ಜಿ ಉಜ್ಜಿ, ನಡೆದು ನಡೆದು ಆಗುವ ನಷ್ಟ ಇದು. ಗಂಧದ ಕೊರಡು ಸವೆಯುತ್ತದೆ, ಚಪ್ಪಲಿಯ ಅಟ್ಟೆ ಸವೆಯುತ್ತದೆ, ಹಳೆಯ ದೇವಸ್ಥಾನದ ಹೊಸ್ತಿಲು ಸವೆಯುತ್ತದೆ. ‘ಬತ್ತು’ ನೀರಿಗೆ, ಹಾಲಿಗೆ ಸೇರಿದ್ದು. ಬೇಸಗೆಯಲ್ಲಿ ಬಾವಿ ಬತ್ತುತ್ತದೆ. ಹಾಲನ್ನು ಕಾಯಿಸಿ ಬತ್ತಿಸಿದರೆ ಖೋವಾ ಆಗುತ್ತದೆ. ‘ಸೊರಗು’ ದೇಹಕ್ಕೆ, ಗಿಡಕ್ಕೆ ಸೇರಿದ್ದು. ‘ಮಗು ಜ್ವರ ಬಂದು ಬಡವಾಗಿದೆ’ ಎಂದು ಹಳ್ಳಿಯಲ್ಲಿ ಹೇಳಿದರೆ ಮಗುವಿನ ಹಣ ಕಡಿಮೆಯಾಯಿತೆಂದಲ್ಲ, ಮೈ ಇಳಿದಿದೆ ಎಂದರ್ಥ.

ಈಗ ‘ಕುಗ್ಗು’ವಿನ ಸ್ವಂತ ಗುಣವನ್ನು ಗುರುತಿಸೋಣ. ಸವೆದ ಗಂಧದ ಕೊರಡಿನಿಂದ ಒಂದಷ್ಟು ಗಂಧ ಹೊರಟುಹೋಗಿದೆ. ಬತ್ತಿದ ಬಾವಿಯಿಂದ ನೀರು ಹೋಗಿದೆ. ಆದರೆ ಕುಗ್ಗಿದ ಬಟ್ಟೆಯಿಂದ ಏನು ಹೋಗಿದೆ? ಒಂದು ಎಳೆಯೂ ಹೋಗಿಲ್ಲ. ತಣಿದು ಕುಗ್ಗಿದ ಕಬ್ಬಿಣದಿಂದ ಏನು ಹೋಗಿದೆ? ಒಂದು ಕಣವೂ ಹೋಗಿಲ್ಲ. ಎಷ್ಟು ವಸ್ತು ಇತ್ತೋ ಅಷ್ಟೂ ಇದೆ. ಅದು ಹಿಡಿದಿದ್ದ ಜಾಗ ಮಾತ್ರ ಕಿರಿದಾಗಿದೆ. ವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ, ಗಾತ್ರ ಕಡಿಮೆಯಾಗಿದೆ, ದ್ರವ್ಯರಾಶಿ ಕಡಿಮೆಯಾಗಿಲ್ಲ. ಆದ್ದರಿಂದಲೇ ‘ಸವೆ’ ಎಂಬುದಕ್ಕೆ ಇಲ್ಲದ ಒಂದು ಭಾಗ್ಯ ‘ಕುಗ್ಗು’ ಎಂಬುದಕ್ಕೆ ಇದೆ. ಅದಕ್ಕೊಂದು ಜೊತೆಯ ಪದವಿದೆ. ಕುಗ್ಗಿದ್ದು ಹಿಗ್ಗಬಲ್ಲದು. ಸವೆದದ್ದು ಮತ್ತೆ ತಾನಾಗಿ ಬೆಳೆದು ಮೊದಲಿನಂತಾಗುವುದನ್ನು ಹೇಳಲು ಕನ್ನಡದಲ್ಲಿ ಅಷ್ಟು ಸುಲಭವಾದ ಜೋಡಿಪದವಿಲ್ಲ, ಏಕೆಂದರೆ ಹಾಗೆ ಆಗುವುದಿಲ್ಲ.

ಕುಗ್ಗುವುದರಿಂದ ಕೆಲಸ ತೆಗೆಯುವುದನ್ನು ನಮ್ಮ ಕಮ್ಮಾರರು ಬಹಳ ಹಿಂದೆಯೇ ಕಲಿತಿದ್ದರು. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಸುತ್ತಲೂ ಕಬ್ಬಿಣದ ಪಟ್ಟಿ ಹಾಕುವುದನ್ನು ಗಮನಿಸಿ. ಪಟ್ಟಿಯ ಸುತ್ತಳತೆಯನ್ನು ಚಕ್ರದ ಸುತ್ತಳತೆಗಿಂತ ಸ್ವಲ್ಪ ಕಡಿಮೆ ಇಟ್ಟಿರುತ್ತಾರೆ. ತಣ್ಣಗಿರುವಾಗ ಅದು ಚಕ್ರದ ಮೇಲೆ ಕೂರುವುದೇ ಇಲ್ಲ. ಅದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಒಂದು ಮೀಟರ್ ಉದ್ದದ ಕಬ್ಬಿಣವನ್ನು ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾಯಿಸಿದರೆ ಅದು ಒಂದು ಮೀಟರಿನ ಹತ್ತು ಲಕ್ಷದಲ್ಲಿ ಸುಮಾರು 12 ಭಾಗದಷ್ಟು ಹಿಗ್ಗುತ್ತದೆ. ಕೇಳಲು ಇದು ಏನೂ ಅಲ್ಲ. ಆದರೆ ಒಂದೂವರೆ ಮೀಟರ್ ಅಗಲದ ಚಕ್ರದ ಸುತ್ತಳತೆ ಸುಮಾರು 4.7 ಮೀಟರ್. ಅಷ್ಟು ಉದ್ದದ ಪಟ್ಟಿಯನ್ನು 500 ಡಿಗ್ರಿಯಷ್ಟು ಕಾಯಿಸಿದರೆ ಅದು ಸುಮಾರು 2.8 ಸೆಂಟಿಮೀಟರ್ ಹಿಗ್ಗುತ್ತದೆ. ಲೆಕ್ಕವನ್ನು ನೀವೇ ಮಾಡಿ ನೋಡಿ. ಹಿಗ್ಗಿದ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಚಕ್ರದ ಮೇಲೆ ಕೂರಿಸಿ, ಕೂಡಲೇ ನೀರು ಸುರಿಯುತ್ತಾರೆ. ಪಟ್ಟಿ ಕುಗ್ಗುತ್ತದೆ. ಹಾಗೆ ಕುಗ್ಗುವಾಗ ಚಕ್ರದ ಮರದ ತುಂಡುಗಳನ್ನೆಲ್ಲ ಒತ್ತಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆ ಗಾಡಿ ಹತ್ತಾರು ಚೀಲ ರಾಗಿ ಹೊತ್ತು ಕಲ್ಲುದಾರಿಯಲ್ಲಿ ಹೋದರೂ ಚಕ್ರ ಬಿಚ್ಚಿಕೊಳ್ಳದೆ ಇರುವುದು, ಪಟ್ಟಿ ಒಮ್ಮೆ ಕುಗ್ಗಿತು ಎಂಬ ಕಾರಣದಿಂದ.

ಬಟ್ಟೆಯ ವಿಷಯದಲ್ಲೂ ಹೀಗೆಯೇ. ಮಗ್ಗದ ಮೇಲೆ ನೂಲನ್ನು ಎಳೆದು ಬಿಗಿದು ನೇಯುತ್ತಾರೆ. ಆ ಬಿಗಿ ಬಟ್ಟೆಯಲ್ಲಿ ಉಳಿದುಕೊಂಡಿರುತ್ತದೆ. ಮೊದಲ ಬಾರಿ ನೀರಿನಲ್ಲಿ ನೆನೆದಾಗ ಹತ್ತಿಯ ಎಳೆಗಳು ನೀರು ಕುಡಿದು ಉಬ್ಬುತ್ತವೆ, ಎಳೆತ ಸಡಿಲವಾಗುತ್ತದೆ, ಬಟ್ಟೆ ತನ್ನ ಸಹಜ ಅಳತೆಗೆ ಬರುತ್ತದೆ. ಕೊಂಡ ಹತ್ತಿಯ ಬಟ್ಟೆಯನ್ನು ನೆನೆಸಿ ಒಣಗಿಸಿ ಆಮೇಲೆ ದರ್ಜಿಗೆ ಕೊಡಬೇಕು ಎಂದು ಮನೆಯ ಹಿರಿಯರು ಹೇಳುವುದು ಇದಕ್ಕಾಗಿ. ಹಿಂದೆ ಗಿರಣಿ ಬಟ್ಟೆಯ ಅಂಚಿನ ಮೇಲೆ ‘ಸ್ಯಾನ್‌ಫರೈಸ್ಡ್’ ಎಂದು ಅಚ್ಚೊತ್ತಿರುತ್ತಿತ್ತು. ಬಟ್ಟೆಯನ್ನು ಗಿರಣಿಯಲ್ಲಿಯೇ ಮೊದಲೇ ಕುಗ್ಗಿಸಿ ಮಾರುವ ವಿಧಾನವನ್ನು ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ಎಂಬುವರು ರೂಪಿಸಿದರು. ಆ ಮಾತು ಅವರ ಹೆಸರಿನಿಂದ ಬಂದದ್ದು. ಮೊದಲೇ ಕುಗ್ಗಿದ ಬಟ್ಟೆಗೆ ಅಂಗಡಿಯಲ್ಲಿ ಬೆಲೆ ಹೆಚ್ಚು ಎಂಬುದನ್ನು ಗಮನಿಸಿ.

ನೀರಿನದು ಇನ್ನೂ ಸ್ವಾರಸ್ಯದ ಕತೆ. ತಣಿಯುತ್ತ ಹೋದಂತೆ ನೀರೂ ಎಲ್ಲ ವಸ್ತುಗಳ ಹಾಗೆ ಕುಗ್ಗುತ್ತದೆ, ಆದರೆ 4 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ಅಲ್ಲಿಂದ ಕೆಳಗೆ ಇನ್ನೂ ತಣಿಸಿದರೆ ಅದು ಹಿಗ್ಗಲು ತೊಡಗುತ್ತದೆ. ಹೆಪ್ಪುಗಟ್ಟಿ ಮಂಜುಗಡ್ಡೆಯಾದಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹೆಚ್ಚುತ್ತದೆ. ಆದ್ದರಿಂದ ಮಂಜುಗಡ್ಡೆ ತೇಲುತ್ತದೆ. ಶೀತ ದೇಶಗಳ ಸರೋವರಗಳಲ್ಲಿ ಮೇಲ್ಭಾಗ ಹೆಪ್ಪುಗಟ್ಟಿದರೂ ತಳದಲ್ಲಿ 4 ಡಿಗ್ರಿಯ ನೀರು ಉಳಿದು, ಮೀನುಗಳು ಬದುಕುತ್ತವೆ. ಚಳಿ ಹೆಚ್ಚಿದಷ್ಟೂ ಕುಗ್ಗುತ್ತಲೇ ಹೋಗಬೇಕೆಂಬ ನಿಯಮ ನೀರಿಗಿಲ್ಲ.

ಹೊರಗಿನ ವಸ್ತುಗಳಿಂದ ಈಗ ನಮ್ಮ ಮೈಯೊಳಗೆ ಬರೋಣ. ನೀವು ಪುಸ್ತಕ ಎತ್ತುವಾಗ ತೋಳಿನ ಸ್ನಾಯು ಏನು ಮಾಡುತ್ತದೆ? ಕುಗ್ಗುತ್ತದೆ. ಸ್ನಾಯುವಿಗೆ ತಳ್ಳುವುದು ಗೊತ್ತಿಲ್ಲ. ಕುಗ್ಗಿ ಎಳೆಯುವುದು ಮಾತ್ರ ಗೊತ್ತು. ತೋಳನ್ನು ಮಡಿಸಲು ಒಂದು ಸ್ನಾಯು ಕುಗ್ಗಬೇಕು, ಮತ್ತೆ ಚಾಚಲು ಹಿಂಬದಿಯ ಇನ್ನೊಂದು ಸ್ನಾಯು ಕುಗ್ಗಬೇಕು. ಕುಗ್ಗಿದಾಗ ಸ್ನಾಯು ಉದ್ದದಲ್ಲಿ ಕಿರಿದಾಗಿ ದಪ್ಪದಲ್ಲಿ ಉಬ್ಬುತ್ತದೆ. ಹುಡುಗರು ತೋಳು ಮಡಿಸಿ ಗೆಳೆಯರಿಗೆ ತೋರಿಸುವ ಬಲದ ಗುರುತು, ಕುಗ್ಗಿದ ಸ್ನಾಯು. ಹೃದಯವೂ ಒಂದು ಸ್ನಾಯುವೇ. ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 70 ಬಾರಿ ಕುಗ್ಗುತ್ತದೆ. ಪ್ರತಿ ಬಾರಿಯೂ ಸುಮಾರು 70 ಮಿಲಿಲೀಟರ್ ರಕ್ತವನ್ನು ದೇಹಕ್ಕೆ ನೂಕುತ್ತದೆ. ನಿಮಿಷಕ್ಕೆ ಐದು ಲೀಟರಿಗೆ ಹತ್ತಿರ. ಆದರೆ ಕುಗ್ಗಿದ ಹೃದಯ ಕುಗ್ಗಿಯೇ ಉಳಿದರೆ ಕೆಲಸ ನಿಂತೇಹೋಗುತ್ತದೆ. ಅದು ಮತ್ತೆ ಸಡಿಲಗೊಂಡು ರಕ್ತ ತುಂಬಿಕೊಳ್ಳಬೇಕು. ಕುಗ್ಗುವುದು, ಹಿಗ್ಗುವುದು ಎರಡೂ ಸೇರಿ ಒಂದು ಬಡಿತ.

ನಮ್ಮ ಎತ್ತರ ಕೂಡ ದಿನಕ್ಕೊಮ್ಮೆ ಕುಗ್ಗುತ್ತದೆ. ಬೆನ್ನುಹುರಿಯನ್ನು ಕಾಪಾಡುವ ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತನೆಯ 23 ಬಿಲ್ಲೆಗಳಿವೆ. ಅವುಗಳಲ್ಲಿ ನೀರಿನಂಶ ಹೆಚ್ಚು. ಹಗಲೆಲ್ಲ ನಿಂತು, ಕುಳಿತು ಓಡಾಡುವಾಗ ದೇಹದ ಭಾರಕ್ಕೆ ಅವು ಸ್ವಲ್ಪ ಅದುಮಿಹೋಗುತ್ತವೆ. ಬೆಳಗ್ಗೆ ಎದ್ದಾಗ ಇದ್ದುದಕ್ಕಿಂತ ಸಂಜೆಗೆ ನಾವು ಒಂದು ಸೆಂಟಿಮೀಟರಿನಷ್ಟು ಗಿಡ್ಡವಾಗಿರುತ್ತೇವೆ. ರಾತ್ರಿ ಮಲಗಿದಾಗ ಬಿಲ್ಲೆಗಳು ಮತ್ತೆ ನೀರು ಹೀರಿ ಮೊದಲಿನಂತಾಗುತ್ತವೆ. ಮುಪ್ಪಿನಲ್ಲಿ ಎಲುಬು ಸವೆದು ಕುಗ್ಗುವ ಎತ್ತರ ಹೀಗೆ ಮರಳುವುದಿಲ್ಲ. ಅಲ್ಲಿ ಆಗಿರುವುದು ಬರಿಯ ಕುಗ್ಗುವಿಕೆಯಲ್ಲ, ಸವೆತವೂ ಸೇರಿದೆ. ಒಂದೇ ಮೈಯಲ್ಲಿ ಎರಡು ಬಗೆ, ಎರಡು ಪದ. ವ್ಯತ್ಯಾಸ ತಿಳಿದುಕೊಳ್ಳುವುದು ವೈದ್ಯರಿಗಷ್ಟೇ ಅಲ್ಲ, ನಮಗೂ ಉಪಯುಕ್ತ.

ವಸ್ತುವಿನಿಂದ ಮನಸ್ಸಿಗೆ ಈ ಪದ ಹೇಗೆ ಬಂತು ಎಂಬುದನ್ನು ಈಗ ಊಹಿಸಬಹುದು. ಹೆದರಿದವರನ್ನು, ಅವಮಾನಗೊಂಡವರನ್ನು ಗಮನಿಸಿ. ಭುಜ ಒಳಗೆ ಸರಿಯುತ್ತದೆ, ಬೆನ್ನು ಬಾಗುತ್ತದೆ, ಕೈಗಳು ಮೈಗೆ ಅಂಟಿಕೊಳ್ಳುತ್ತವೆ. ಅವರು ಹಿಡಿದಿದ್ದ ಜಾಗ ನಿಜವಾಗಿಯೂ ಕಿರಿದಾಗುತ್ತದೆ. ಸಂತೋಷಗೊಂಡವರು ಎದೆಯುಬ್ಬಿಸಿ ನಡೆಯುತ್ತಾರೆ. ಅದಕ್ಕೇ ಅವರು ‘ಹಿರಿಹಿರಿ ಹಿಗ್ಗಿದರು’ ಎನ್ನುತ್ತೇವೆ. ಸಂಸ್ಕೃತದಿಂದ ನಮಗೆ ಬಂದ ‘ಸಂಕೋಚ’ ಎಂಬ ಪದವೂ ಇದೇ ದಾರಿಯಲ್ಲಿ ನಡೆದಿದೆ. ಪಾಠಪುಸ್ತಕದಲ್ಲಿ ‘ಸಂಕೋಚನ’ ಎಂದರೆ ವಸ್ತು ಕುಗ್ಗುವುದು. ಊಟಕ್ಕೆ ಕುಳಿತ ನೆಂಟರಿಗೆ ‘ಸಂಕೋಚ ಪಟ್ಟುಕೊಳ್ಳಬೇಡಿ, ಬೇಕಾದ್ದು ಕೇಳಿ ಹಾಕಿಸಿಕೊಳ್ಳಿ’ ಎನ್ನುವಾಗ ಕುಗ್ಗಿರುವುದು ಮನಸ್ಸು. ‘ಸಂಕುಚಿತ ಬುದ್ಧಿ’ ಎನ್ನುವಾಗ ಮತ್ತೊಬ್ಬರಿಗೆ ಜಾಗವಿಲ್ಲದಷ್ಟು ಕಿರಿದಾದ ಮನಸ್ಸು. ಒಂದೇ ಮೂಲದ ಮೂರು ಕವಲುಗಳು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ‘ದನಿ ತಗ್ಗಿಸಿದಳು’ ಎಂದರೂ ‘ದನಿ ಕುಗ್ಗಿತು’ ಎಂದರೂ ಕಿವಿಗೆ ಬೀಳುವ ಶಬ್ದ ಕಡಿಮೆಯಾಯಿತು ಎಂಬುದು ನಿಜ. ಆದರೆ ಎರಡೂ ಒಂದೇ ಅಲ್ಲ. ಗ್ರಂಥಾಲಯದಲ್ಲಿ, ಆಸ್ಪತ್ರೆಯಲ್ಲಿ ನಾವು ದನಿ ತಗ್ಗಿಸುತ್ತೇವೆ. ಅದು ನಮ್ಮ ಇಚ್ಛೆ, ನಮ್ಮ ಸೌಜನ್ಯ. ಗದರಿಕೆಗೆ ಹೆದರಿದಾಗ ದನಿ ಕುಗ್ಗುತ್ತದೆ. ಅದು ನಮ್ಮ ಇಚ್ಛೆಯಲ್ಲ. ‘ತಗ್ಗಿ ಬಗ್ಗಿ ನಡೆಯಬೇಕು’ ಎಂದು ಹಿರಿಯರು ಹೇಳುವುದು ವಿನಯದ ಮಾತು. ‘ಕುಗ್ಗಿ ನಡೆಯಬೇಕು’ ಎಂದು ಯಾರೂ ಮಕ್ಕಳಿಗೆ ಹೇಳುವುದಿಲ್ಲ. ವಿನಯ ಬೇರೆ, ಅಳುಕು ಬೇರೆ ಎಂಬುದನ್ನು ಕನ್ನಡ ಎರಡು ಪದಗಳಿಂದ ಬೇರ್ಪಡಿಸಿ ಇಟ್ಟಿದೆ. ತರಗತಿಯಲ್ಲಿ ಪ್ರಶ್ನೆ ಕೇಳದೆ ಮೂಲೆಯಲ್ಲಿ ಕುಳಿತಿರುವ ಹುಡುಗಿಯನ್ನು ‘ಬಹಳ ವಿನಯವಂತೆ’ ಎಂದು ಹೊಗಳುವ ಮುನ್ನ, ಅವಳು ತಗ್ಗಿದ್ದಾಳೋ ಕುಗ್ಗಿದ್ದಾಳೋ ಎಂದು ಅಧ್ಯಾಪಕರು ನೋಡಬೇಕಾಗುತ್ತದೆ.

ಇದಕ್ಕೆ ಸೇರಿದ ವ್ಯಾಕರಣದ ಇನ್ನೊಂದು ಸಂಗತಿ ಇದೆ. ‘ಕುಗ್ಗು’ ಅಕರ್ಮಕ ಧಾತು. ಅದಕ್ಕೆ ಕರ್ಮಪದ ಬೇಕಿಲ್ಲ; ಯಾರು ಮಾಡಿದರು ಎಂದು ಹೇಳಬೇಕಾದ ಅಗತ್ಯವೂ ಇಲ್ಲ. ಇದಕ್ಕೆ ‘ಇಸು’ ಪ್ರತ್ಯಯ ಸೇರಿ ‘ಕುಗ್ಗಿಸು’ ಆದರೆ ಕತೆಯೇ ಬೇರೆ. ಕುಗ್ಗಿಸಲು ಒಬ್ಬರು ಬೇಕು. ‘ಕೆರೆ ಕುಗ್ಗಿತು’ ಎಂದರೆ ಅದು ತಾನಾಗಿ ನಡೆದ ಹಾಗೆ ಕೇಳುತ್ತದೆ. ‘ಕೆರೆಯನ್ನು ಕುಗ್ಗಿಸಿದರು’ ಎಂದಾಗ ‘ಯಾರು?’ ಎಂಬ ಪ್ರಶ್ನೆ ಏಳುತ್ತದೆ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಈ ಕೆರೆಗಳು ತಾವಾಗಿ ಕುಗ್ಗಿದವು ಎನ್ನಲು ಬರುವುದಿಲ್ಲ. ನಗರ ಬೆಳೆಯುವಾಗ ಅವುಗಳನ್ನು ಕುಗ್ಗಿಸಿದರು, ಕೊನೆಗೆ ಇಲ್ಲವಾಗಿಸಿದರು.

ಇದೇ ಮಾತನ್ನು ಬಹು ದೊಡ್ಡ ಪ್ರಮಾಣದಲ್ಲಿ ತೋರಿಸುವ ಉದಾಹರಣೆಯೊಂದು ಭೂಗೋಳದ ಪಾಠದಲ್ಲಿದೆ. ಮಧ್ಯ ಏಷ್ಯಾದ ಅರಲ್ ಸಮುದ್ರ 1960ರಲ್ಲಿ ಸುಮಾರು 68,000 ಚದರ ಕಿಲೋಮೀಟರ್ ವಿಸ್ತಾರವಿತ್ತು. ಜಗತ್ತಿನ ನಾಲ್ಕನೆಯ ದೊಡ್ಡ ಸರೋವರ ಎನಿಸಿಕೊಂಡಿತ್ತು. ಅದಕ್ಕೆ ನೀರು ತರುತ್ತಿದ್ದ ಅಮು ದರಿಯಾ ಮತ್ತು ಸಿರ್ ದರಿಯಾ ನದಿಗಳನ್ನು ಅಂದಿನ ಸೋವಿಯತ್ ಸರ್ಕಾರ ಹತ್ತಿಯ ಬೆಳೆಗಾಗಿ ಕಾಲುವೆಗಳಿಗೆ ತಿರುಗಿಸಿತು. ಸಮುದ್ರ ಕುಗ್ಗುತ್ತ ಕುಗ್ಗುತ್ತ 1980ರ ದಶಕದ ಕೊನೆಯ ಹೊತ್ತಿಗೆ ಉತ್ತರ, ದಕ್ಷಿಣ ಎಂದು ಎರಡು ತುಂಡಾಯಿತು. ಒಂದು ಕಾಲದ ಮೀನುಗಾರಿಕೆ ಬಂದರು ಮೊಯ್ನಾಕ್‌ನಲ್ಲಿ ಹಡಗುಗಳು ಮರಳಿನ ಮೇಲೆ ತುಕ್ಕು ಹಿಡಿದು ನಿಂತವು. ದಕ್ಷಿಣ ಭಾಗದ ಪೂರ್ವದ ಹರವು 2014ರಲ್ಲಿ ಪೂರ್ತಿ ಒಣಗಿಹೋಯಿತು. ಆದರೆ ಉತ್ತರದ ಕತೆ ಬೇರೆ. ಕಜಕಸ್ತಾನ 2005ರಲ್ಲಿ ಕೋಕ್-ಅರಲ್ ಎಂಬ ಅಣೆಕಟ್ಟು ಕಟ್ಟಿ, ಸಿರ್ ದರಿಯಾದ ನೀರು ಉತ್ತರದ ಭಾಗದಲ್ಲಿಯೇ ನಿಲ್ಲುವಂತೆ ಮಾಡಿತು. ನೀರಿನ ಮಟ್ಟ ಏರಿತು, ಉಪ್ಪು ಕಡಿಮೆಯಾಯಿತು, ಮೀನುಗಳು ಮರಳಿದವು, ಮೀನುಗಾರರೂ ಮರಳಿದರು. ದಕ್ಷಿಣ ಭಾಗದ ವಿಷಯದಲ್ಲಿ ‘ಬತ್ತಿತು’ ಎಂದೇ ಹೇಳಬೇಕು. ಉತ್ತರ ಭಾಗದ ವಿಷಯದಲ್ಲಿ ಮಾತ್ರ ‘ಕುಗ್ಗಿತ್ತು, ಮತ್ತೆ ಹಿಗ್ಗಿತು’ ಎನ್ನಬಹುದು. ಯಾವುದಕ್ಕೆ ಯಾವ ಪದ ಸಲ್ಲುತ್ತದೆ ಎಂಬುದು, ಸಮಯಕ್ಕೆ ಸರಿಯಾಗಿ ಯಾರಾದರೂ ಏನಾದರೂ ಮಾಡಿದರೇ ಎಂಬುದನ್ನು ಅವಲಂಬಿಸಿತ್ತು.

ಮಿತ್ರರೇ, ಈ ಎಲ್ಲ ಮಾತನ್ನು ನಿಮ್ಮ ಬದುಕಿಗೆ ಹತ್ತಿರ ತರಬೇಕಾದ ಹಂತಕ್ಕೆ ಬಂದಿದ್ದೇನೆ. ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಫಲಿತಾಂಶದ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಈ ಪದ ಕೇಳಿಬರುತ್ತದೆ. ‘ಅಂಕ ಕಡಿಮೆ ಬಂತು, ಹುಡುಗ ಕುಗ್ಗಿಹೋದ.’ ಈ ವಾಕ್ಯವನ್ನು ನಿಧಾನವಾಗಿ ಓದಿ. ಇದರಲ್ಲಿ ಎರಡು ಕ್ರಿಯೆಗಳಿವೆ. ಅಂಕ ಕಡಿಮೆ ಬರುತ್ತದೆ, ಇಳಿಯುತ್ತದೆ. ಅದು ಪಟ್ಟಿಯ ಮೇಲಿನ ಸಂಗತಿ. ಕುಗ್ಗುವುದು ಮನಸ್ಸು. ‘ಅಂಕ ಕುಗ್ಗಿತು’ ಎಂದು ನಾವು ಸಾಮಾನ್ಯವಾಗಿ ಹೇಳುವುದಿಲ್ಲ. ಅಂಕಿಗೂ ಆಳಿಗೂ ಭಾಷೆಯೇ ಬೇರೆ ಬೇರೆ ಪದಗಳನ್ನು ಕೊಟ್ಟಿರುವಾಗ, ನಾವು ಎರಡನ್ನೂ ಒಂದೇ ತಕ್ಕಡಿಯಲ್ಲಿ ಏಕೆ ತೂಗಬೇಕು? ಗಣಿತದಲ್ಲಿ ಮೂವತ್ತು ಅಂಕ ಬಂದ ದಿನ ಆ ಹುಡುಗನಿಗೆ ನಿನ್ನೆಯವರೆಗೆ ಗೊತ್ತಿದ್ದ ಯಾವುದೂ ಮರೆತುಹೋಗಿಲ್ಲ. ಅವನು ಬಿಡಿಸಬಲ್ಲ ಚಿತ್ರ, ಆಡಬಲ್ಲ ಆಟ, ತಂಗಿಗೆ ಹೇಳಿಕೊಡಬಲ್ಲ ಪಾಠ ಎಲ್ಲವೂ ಇದ್ದ ಹಾಗೆಯೇ ಇವೆ. ತಣಿದ ಕಬ್ಬಿಣದಂತೆ, ದ್ರವ್ಯರಾಶಿ ಅಷ್ಟೇ ಇದೆ.

‘ಕುಗ್ಗಿದ’ ಎನ್ನುವುದಕ್ಕೂ ‘ಕುಗ್ಗಿಹೋದ’ ಎನ್ನುವುದಕ್ಕೂ ಇರುವ ಅಂತರವನ್ನೂ ನೋಡಿ. ‘ಹೋಗು’ ಎಂಬ ಸಹಾಯಕ ಕ್ರಿಯಾಪದ ಸೇರಿದರೆ, ಮುಗಿಯಿತು, ಇನ್ನು ಕೈಯಲ್ಲಿಲ್ಲ ಎಂಬ ಧ್ವನಿ ಬರುತ್ತದೆ. ಒಡೆದುಹೋಯಿತು, ಕಳೆದುಹೋಯಿತು, ಮರೆತುಹೋಯಿತು ಎನ್ನುವಂತೆ. ಮಾತಿನ ಭರದಲ್ಲಿ ‘ಕುಗ್ಗಿಹೋದೆ’ ಎಂದು ನಾವು ಹೇಳಿಕೊಳ್ಳುವುದುಂಟು. ದುಃಖ ಎಷ್ಟಿದೆ ಎಂದು ತಿಳಿಸಲು ಅದು ಬೇಕು. ಆದರೆ ಇನ್ನೊಬ್ಬರ ಬಗ್ಗೆ, ಅದರಲ್ಲೂ ಎಳೆಯರ ಬಗ್ಗೆ ತೀರ್ಪು ಕೊಡುವವರು ಆ ‘ಹೋಗು’ ಸೇರಿಸುವ ಮುನ್ನ ಯೋಚಿಸಬೇಕು.

ಹಾಗಾದರೆ ‘ಕುಗ್ಗಲೇಬೇಡಿ’ ಎಂದು ನಿಮಗೆ ಉಪದೇಶ ಮಾಡಬೇಕೇ? ನಾನು ಹಾಗೆ ಹೇಳಲಾರೆ. ರೈಲು ಹಳಿಗಳ ಉದಾಹರಣೆ ನೋಡಿ. ಒಂದು ಕಿಲೋಮೀಟರ್ ಉದ್ದದ ಹಳಿ 30 ಡಿಗ್ರಿಯಷ್ಟು ತಣಿದರೆ, ಬಿಟ್ಟರೆ ಅದು ಸುಮಾರು 36 ಸೆಂಟಿಮೀಟರ್ ಕುಗ್ಗುತ್ತದೆ. ಹಿಂದೆ ಹಳಿಗಳ ನಡುವೆ ಸಂದು ಬಿಡುತ್ತಿದ್ದರು. ರೈಲಿನಲ್ಲಿ ಕೇಳುತ್ತಿದ್ದ ‘ಟಕ್ ಟಕ್’ ಸದ್ದು ಆ ಸಂದುಗಳದು. ಈಗ ಬಹುಪಾಲು ಹಳಿಗಳನ್ನು ಉದ್ದಕ್ಕೆ ಬೆಸೆದು, ಅಡಿಗೆ ಭದ್ರವಾಗಿ ಬಿಗಿದಿರುತ್ತಾರೆ. ಕುಗ್ಗಲು ಅವಕಾಶವಿಲ್ಲದ ಹಳಿಯಲ್ಲಿ ಚಳಿಗಾಲದಲ್ಲಿ ಒಳಗೊಳಗೇ ಎಳೆತ ಹೆಚ್ಚುತ್ತದೆ. ಎಲ್ಲಿಯಾದರೂ ದೋಷವಿದ್ದರೆ ಅಲ್ಲಿ ಬಿರುಕು ಬಿಡುತ್ತದೆ. ಆದ್ದರಿಂದಲೇ ಉತ್ತರ ಭಾರತದ ಕಡು ಚಳಿಯ ರಾತ್ರಿಗಳಲ್ಲಿ ಗ್ಯಾಂಗ್‌ಮನ್ನರು ದೀಪ ಹಿಡಿದು ಹಳಿಯ ಉದ್ದಕ್ಕೂ ನಡೆದು ನೋಡುತ್ತಾರೆ. ಮನಸ್ಸಿನ ವಿಷಯವೂ ಇದಕ್ಕೆ ದೂರವಲ್ಲ. ಸೋತ ದಿನ ಅಳು ಬಂದರೆ ಅಳಲಿ. ಎರಡು ದಿನ ಯಾರೊಂದಿಗೂ ಮಾತು ಬೇಡವೆನಿಸಿದರೆ ಇರಲಿ. ‘ಗಂಡು ಹುಡುಗ ಅಳಬಾರದು’, ‘ನಗುನಗುತ್ತಾ ಇರು’ ಎಂದು ಬಿಗಿದು ಕಟ್ಟಿದರೆ ಎಳೆತ ಒಳಗೆ ಹೋಗುತ್ತದೆ. ಕುಗ್ಗಲು ಒಂದಿಷ್ಟು ಸಂದು ಬೇಕು. ಅದರ ಜೊತೆಗೆ, ದೀಪ ಹಿಡಿದು ಬಂದು ನೋಡುವವರೂ ಬೇಕು.

ಆ ನೋಡುವವರು ಅಪ್ಪ ಅಮ್ಮ ಆಗಬಹುದು, ಮೇಷ್ಟ್ರು ಆಗಬಹುದು, ಪಕ್ಕದ ಬೆಂಚಿನ ಗೆಳತಿ ಆಗಬಹುದು. ಕುಗ್ಗಿದ ಮನಸ್ಸು ದಿನಗಳು ಕಳೆದರೂ ಹಿಗ್ಗದೆ ಇದ್ದರೆ, ನಿದ್ದೆ ಊಟ ಬಿಟ್ಟುಹೋದರೆ, ಬದುಕೇ ಬೇಡವೆಂಬ ಯೋಚನೆ ಬಂದರೆ, ಅದನ್ನು ಮುಚ್ಚಿಡಬಾರದು. ತೋಳಿನ ಮೂಳೆ ಮುರಿದಾಗ ವೈದ್ಯರ ಬಳಿ ಹೋಗುವುದಕ್ಕೆ ನಮಗೆ ಸಂಕೋಚವಿಲ್ಲ. ಇದಕ್ಕೂ ಸಂಕೋಚ ಬೇಡ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಎಂಬ ಸರ್ಕಾರದ ಉಚಿತ ದೂರವಾಣಿ ಸೇವೆ ಇದೆ. 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಪರೀಕ್ಷೆ ಮತ್ತೆ ಬರೆಯಲು ಅವಕಾಶವಿದೆ. ಹಿಗ್ಗಲು ಕುಗ್ಗಿದವರು ಉಳಿದಿರಬೇಕು, ಅಷ್ಟೇ.

ಇನ್ನೊಂದು ಕಡೆಯ ಮಾತು ‘ಕುಗ್ಗಿಸು’ ಎಂಬುದರ ಬಗ್ಗೆ. ತರಗತಿಯಲ್ಲಿ ಒಬ್ಬರ ಬಣ್ಣವನ್ನೋ ಎತ್ತರವನ್ನೋ ಮಾತಿನ ಧಾಟಿಯನ್ನೋ ಜಾತಿಯನ್ನೋ ಅಪ್ಪನ ಕಸುಬನ್ನೋ ಹಿಡಿದು ಹಾಸ್ಯ ಮಾಡಿದಾಗ ‘ಅವಳು ಕುಗ್ಗಿದಳು’ ಎಂದು ಅಕರ್ಮಕದಲ್ಲಿ ಹೇಳಿ ಕೈ ತೊಳೆದುಕೊಳ್ಳಲಾಗದು. ಅಲ್ಲಿ ಕುಗ್ಗಿಸಿದವರಿದ್ದಾರೆ. ವಾಕ್ಯಕ್ಕೆ ಕರ್ತೃಪದವನ್ನು ಸೇರಿಸಿ ಬರೆದು ನೋಡಿ, ಯಾರ ಹೆಸರು ಬರುತ್ತದೆ ಎಂದು. ಅದೇ ಬಾಯಿಯಿಂದ ಒಂದು ಒಳ್ಳೆಯ ಮಾತು ಬಂದರೆ ‘ಹಿಗ್ಗಿಸಿದವರು’ ಎಂಬ ಹೆಸರೂ ನಿಮಗೇ ಸಲ್ಲುತ್ತದೆ.

ಕೊನೆಯದಾಗಿ ನಿಮಗೊಂದು ಚಿಕ್ಕ ಅಭ್ಯಾಸ. ಒಂದು ವಾರ ದಿನಪತ್ರಿಕೆ ಓದುವಾಗ, ಮನೆಯಲ್ಲಿ ಮಾತು ಕೇಳುವಾಗ, ‘ಕಡಿಮೆಯಾಯಿತು’ ಎಂದು ಬಂದ ಕಡೆಯಲ್ಲೆಲ್ಲ ಅದರ ಬದಲು ಇಳಿಯಿತು, ತಗ್ಗಿತು, ಕುಂದಿತು, ಸವೆಯಿತು, ಬತ್ತಿತು, ಸೊರಗಿತು, ಕುಗ್ಗಿತು ಇವುಗಳಲ್ಲಿ ಯಾವುದು ಸರಿಹೊಂದುತ್ತದೆ ಎಂದು ಗುರುತು ಹಾಕಿಕೊಳ್ಳಿ. ನಿಮ್ಮ ಊರಿನ ಕಡೆ ಬಳಕೆಯಲ್ಲಿರುವ ಬೇರೆ ಪದಗಳಿದ್ದರೆ ಅಜ್ಜಿಯನ್ನು, ರೈತರನ್ನು, ನೇಕಾರರನ್ನು ಕೇಳಿ ಬರೆದುಕೊಳ್ಳಿ. ‘ಕುಗ್ಗಿತು’ ಎಂದು ಗುರುತು ಹಾಕಿದ ಪ್ರತಿಯೊಂದರ ಪಕ್ಕದಲ್ಲಿ ಎರಡು ಪ್ರಶ್ನೆ ಬರೆಯಿರಿ. ಒಳಗಿನ ವಸ್ತು ಇದ್ದ ಹಾಗೆಯೇ ಇದೆಯೇ? ಮತ್ತೆ ಹಿಗ್ಗಲು ಏನು ಬೇಕು? ಈ ಎರಡಕ್ಕೆ ಉತ್ತರ ಹುಡುಕುವುದರಲ್ಲಿ ಒಂದಿಷ್ಟು ಕನ್ನಡ, ಒಂದಿಷ್ಟು ವಿಜ್ಞಾನ ಎರಡೂ ನಿಮಗೆ ದೊರೆಯುತ್ತವೆ.